ನಂಬದವನ ಶ್ರವಣ

ದೇವರಲ್ಲಿ ನಂಬುಗೆಯಿಲ್ಲದವನು ದೇವರನ್ನು ಕುರಿತ ಗಾನದಿಂದ ಕಣ್ಣು ತೇವಮಾಡಿಕೊಂಡನಾದರೆ ಆ ಕಣ್ಣೀರನ್ನು ಯಾವ ಲೆಕ್ಕಕ್ಕೆ ಸೇರಿಸತಕ್ಕುದು ಎಂಬುದು ಹೊಸ ಪ್ರಶ್ನೆಯೇನೂ ಅಲ್ಲ. ರಾಮನಲ್ಲಿ ಭಕ್ತಿಯಿಲ್ಲದವನು ತ್ಯಾಗರಾಜರ ಕೃತಿಯನ್ನು ಹಾಡಬಹುದೆ, ಹಾಡಿದರೂ ಅದರ ಒಳಗುಟ್ಟು ಅವನಿಗೆ ದಕ್ಕೀತೆ ಎಂದು ನಮ್ಮ ಸಂಗೀತಸಭೆಗಳ ಜಗಲಿಯಲ್ಲಿ ವಾದಿಸುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ನಾನು ಈ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಿರುವುದಾದರೋ ಆ ಜಗಲಿಯ ರಸಿಕರು ಕಿವಿ ಮುಚ್ಚಿಕೊಳ್ಳಬಹುದಾದಂಥ ಒಂದು ಮೂಲೆಯಿಂದ: ಇಂಗ್ಲೆಂಡಿನಲ್ಲಿ 1969-70ರ ಹೊತ್ತಿಗೆ ತಲೆಯೆತ್ತಿ ಅನಂತರ ಅಮೆರಿಕ, ಸ್ವೀಡನ್ನುಗಳಿಗೂ ಹಬ್ಬಿದ ಪ್ರೊಗ್ರೆಸಿವ್ ರಾಕ್, ಮತ್ತು ಅದರ ಒಡಹುಟ್ಟೆಂದೇ ಹೇಳಬಹುದಾದ ಮೆಟಲ್ ಸಂಗೀತ. ಈ ಪ್ರಕಾರದಲ್ಲಿ ನನಗೆ ಅತ್ಯಂತ ಪ್ರಿಯವಾದ ಆಲ್ಬಮ್ಮುಗಳನ್ನು ಒಟ್ಟಿಗೆ ಇರಿಸಿ ನೋಡಿದಾಗ, ಅವುಗಳಲ್ಲಿ ಹೆಚ್ಚಿನವು ಮೃತ್ಯು, ಪಾಪ, ಅಂತಿಮ ನ್ಯಾಯತೀರ್ಪು, ಪುನರ್ಜನ್ಮ ಇವುಗಳನ್ನೇ ವಸ್ತುವಾಗಿ ಉಳ್ಳವೆಂಬುದೂ, ಅವು ಪ್ರತಿಪಾದಿಸುವ ತೆರದಲ್ಲಿ ಇವುಗಳಲ್ಲಿ ಒಂದನ್ನೂ ನಾನು ನಂಬುವವನಲ್ಲವೆಂಬುದೂ ಒಟ್ಟೊಟ್ಟಿಗೆ ಹೊಳೆದು, ಹಾಗಾದರೆ ಇಷ್ಟು ವರ್ಷ ನನ್ನನ್ನು ಅಲುಗಿಸಿದ್ದು ಏನು ಎಂಬ ಜಿಜ್ಞಾಸೆ ಹುಟ್ಟಿತು.

ವೇದಾಂತದಲ್ಲಿ ಪರಿಶ್ರಮವುಳ್ಳ ಮಿತ್ರರೊಬ್ಬರು ಇದಕ್ಕೆ ಹೂಡಿದ ಪೂರ್ವಪಕ್ಷ ಬಲವಾದುದು. ನಂಬುಗೆಯಿಲ್ಲದೆ ನೀವು ಪಡೆಯುವ ಸುಖವು ಶಬ್ದಸುಖವಷ್ಟೆ, ಜೇನಿನ ರುಚಿಯಂತೆ ಇಂದ್ರಿಯಕ್ಕೆ ಸಂಬಂಧಪಟ್ಟುದು. ಅದು ಶಬ್ದಸುಖಕ್ಕಿಂತ ಹೆಚ್ಚಿನದೆಂದು ನೀವು ಹೇಳುವುದಾದರೆ, ಒಳಗೊಳಗೇ ನೀವು ನಂಬುವವರು, ಒಪ್ಪಿಕೊಳ್ಳಲು ಮಾತ್ರ ಸಂಕೋಚ, ಎಂದರು. ಈ ಎರಡು ಕೊಂಬುಗಳ ನಡುವೆ ದಾರಿಯುಂಟೆಂದು ನಾನು ಎಣಿಸುತ್ತೇನೆ. ಆದರೆ ದಾರಿಯನ್ನು ತೋರಿಸುವ ಮುನ್ನ ಆ ಸಂಗೀತವನ್ನೇ ಕೊಂಚ ಹತ್ತಿರದಿಂದ ನೋಡಬೇಕು.

ಹಾಡೆಂದರೆ ಮೂರು ನಿಮಿಷ ಎಂಬ ಕಟ್ಟಳೆಯಿದ್ದ ಜನಪ್ರಿಯ ಸಂಗೀತದಲ್ಲಿ ಈ ತರುಣರು ಎಲ್‌ಪಿ ತಟ್ಟೆಯ ಒಂದು ಮಗ್ಗುಲು ಪೂರ್ತಿ, ಎಂದರೆ ಇಪ್ಪತ್ತು ನಿಮಿಷಕ್ಕೂ ಮೀರಿ, ಒಂದೇ ಕೃತಿಗೆ ಮೀಸಲಿಡಲು ತೊಡಗಿದರು. ಅವರಲ್ಲಿ ಅನೇಕರು ನಂಬುಗೆಯನ್ನು ಕಳೆದುಕೊಂಡಿದ್ದರೂ ನಂಬುಗೆಯ ನಾದವನ್ನು ಕಳೆದುಕೊಂಡವರಲ್ಲ. ಜೆನೆಸಿಸ್ ತಂಡದ ಮೂಲಸದಸ್ಯರು ಚಾರ್ಟರ್‌ಹೌಸ್ ಎಂಬ ಹಳೆಯ ವಸತಿಶಾಲೆಯಲ್ಲಿ ಕಲಿತವರು. ಅಲ್ಲಿಯ ಪ್ರಾರ್ಥನಾಮಂದಿರದ ಸ್ತೋತ್ರಗಳು ಅವರ ಸ್ವರಸಂಯೋಜನೆಯ ಹಿಂದೆ ಎಂದೂ ನಿಂತೇ ಇರುತ್ತವೆ. ಆ ತಂಡದ 1972ರ 'ಫಾಕ್ಸ್‌ಟ್ರಾಟ್' ಆಲ್ಬಮ್ಮಿನಲ್ಲಿ 'ಸಪ್ಪರ್ಸ್ ರೆಡಿ' ಎಂಬ, ಏಳು ಖಂಡಗಳಾಗಿ ಸುಮಾರು 23 ನಿಮಿಷ ಹರಿಯುವ ಕೃತಿಯೊಂದುಂಟು. ಗೃಹಸ್ಥ ದಂಪತಿಗಳ ಒಂದು ಸಂಜೆಯಿಂದ ಆರಂಭವಾಗುವ ಅದು, ಯುದ್ಧ, ವಿಡಂಬನೆ, ಹುಚ್ಚಾಟಗಳನ್ನೆಲ್ಲ ಹಾದು, ಕ್ರೈಸ್ತ ಬೈಬಲ್ಲಿನ ಕೊನೆಯ ಗ್ರಂಥವಾದ ಯೋಹಾನನ ಪ್ರಕಟನೆಯ ಪ್ರಳಯದರ್ಶನಕ್ಕೆ ಬಂದು ಮುಟ್ಟುತ್ತದೆ. ಆ ಪ್ರಳಯಖಂಡದಲ್ಲಿ ಮದ್ದಳೆಯೂ ಮಂದ್ರಗಿಟಾರೂ ಒಂಬತ್ತು ಅಕ್ಷರಗಳ ಆವರ್ತವೊಂದನ್ನು ಪಟ್ಟುಬಿಡದೆ ಬಡಿಯುತ್ತಿರಲು, ಟೋನಿ ಬ್ಯಾಂಕ್ಸನ ಆರ್ಗನ್ ಆ ಆವರ್ತಕ್ಕೆ ಕಟ್ಟುಬೀಳದೆ ತನ್ನದೇ ಲೆಕ್ಕದಲ್ಲಿ ಏರುತ್ತ ಹೋಗುತ್ತದೆ. ನಮ್ಮ ತನಿ ಆವರ್ತನದಲ್ಲಿ ತಾಳವನ್ನು ಮರೆಸಿ ಆಡಿ ಮತ್ತೆ ಸಮಕ್ಕೆ ಬಂದಿಳಿಯುವ ಲಯವಿದ್ವಾಂಸನ ಚಾತುರ್ಯವನ್ನು ಬಲ್ಲವರಿಗೆ ಅಲ್ಲಿಯ ಬಿಗುಪು ಅಪರಿಚಿತವೆನಿಸದು. ಆ ಬಿಗುಪು ತಾಳಲಾರದಷ್ಟಾದಾಗ ಹಿಂದೆ ಕೇಳಿದ್ದ ಧಾಟಿಯೇ ವಿಸ್ತಾರಗೊಂಡು ಮರಳಿಬಂದು, ಹೊಸ ಯೆರೂಸಲೇಮಿನ ಬಾಗಿಲು ತೆರೆಯುತ್ತದೆ. ಯೆರೂಸಲೇಮು ನನಗೆ ಏನು? ಏನೂ ಅಲ್ಲ. ಆದರೂ ಆ ಗಳಿಗೆಯಲ್ಲಿ, ಬಹುಕಾಲ ಕಾದಿದ್ದವನಿಗೆ ಬಾಗಿಲು ತೆರೆಯಿತೆಂಬ ಭಾವ ನನ್ನಲ್ಲಿ ನಿಸ್ಸಂದೇಹವಾಗಿ ಉದಿಸುತ್ತದೆ.

ಇದಕ್ಕಿಂತಲೂ ಸ್ಪಷ್ಟವಾದ ಸಾಕ್ಷ್ಯವನ್ನು ನಾನು ಕಾಣುವುದು ಪಿಂಕ್ ಫ್ಲಾಯ್ಡ್ ತಂಡದ 'ದಿ ಡಾರ್ಕ್ ಸೈಡ್ ಆಫ್ ದ ಮೂನ್' ಎಂಬ 1973ರ ಆಲ್ಬಮ್ಮಿನಲ್ಲಿ. ಅದರ ಮೊದಲ ಮಗ್ಗುಲಿನ ಕೊನೆಯಲ್ಲಿರುವ 'ದಿ ಗ್ರೇಟ್ ಗಿಗ್ ಇನ್ ದ ಸ್ಕೈ' ಮರಣವನ್ನು ಕುರಿತದ್ದು. ತಟ್ಟೆಯಾಗುವುದಕ್ಕೆ ಮುಂಚಿನ ವರ್ಷ ತಂಡದವರು ಇದನ್ನು ವೇದಿಕೆಯ ಮೇಲೆ ನುಡಿಸುತ್ತಿದ್ದಾಗ ಅದರ ರೂಪವೇ ಬೇರೆಯಾಗಿತ್ತು: ಆರ್ಗನ್ನಿನ ಹಿನ್ನೆಲೆಯಲ್ಲಿ ಬೈಬಲ್ಲಿನ ಪಠನವನ್ನೂ ಮ್ಯಾಲ್ಕಮ್ ಮಗ್ಗರಿಜ್ ಎಂಬ ಧರ್ಮಪ್ರವೃತ್ತಿಯ ಪತ್ರಕರ್ತನ ಭಾಷಣವನ್ನೂ ಟೇಪಿನಿಂದ ಕೇಳಿಸುತ್ತಿದ್ದರು. ಶಾಸ್ತ್ರವಾಕ್ಯವಿತ್ತು, ಉಪದೇಶವಿತ್ತು, ವ್ಯಂಗ್ಯವೂ ಇತ್ತು. ಮುದ್ರಣದ ವೇಳೆಗೆ ಅವೆಲ್ಲವನ್ನೂ ಕಿತ್ತುಹಾಕಿದರು. ರಿಚರ್ಡ್ ರೈಟನ ಪಿಯಾನೋ ಉಳಿಯಿತು. ಅದರ ಮೇಲೆ ಹಾಡಲು 1973ರ ಜನವರಿಯಲ್ಲಿ ಕ್ಲೇರ್ ಟೋರಿ ಎಂಬ ಯುವಗಾಯಕಿಯನ್ನು ಲಂಡನ್ನಿನ ಆಬಿ ರೋಡ್ ಸ್ಟುಡಿಯೋಗೆ ಕರೆಸಿ, ಪದಗಳು ಬೇಡ, ಮರಣವನ್ನು ನೆನೆದು ಹಾಡು ಎಂದು ಮಾತ್ರ ಸೂಚಿಸಿದರು. ಆಕೆ ಹಾಡಿದುದು ಕೆಲವೇ ಆವೃತ್ತಿ. ಸಂಭಾವನೆ 30 ಪೌಂಡು. ತನ್ನ ಧ್ವನಿಯನ್ನು ಅವರು ಉಪಯೋಗಿಸಲಾರರೆಂದೇ ಭಾವಿಸಿ ಮನೆಗೆ ಹೋದವಳು, ಮುಂದೆ ಅಂಗಡಿಯಲ್ಲಿ ತಟ್ಟೆಯನ್ನು ಕಂಡಾಗಲೇ ನಿಜವನ್ನು ಅರಿತಳು; ಕೃತಿಯ ಸಹಕರ್ತೃತ್ವ ಆಕೆಗೆ ದೊರೆಯಲು ಮೂವತ್ತು ವರ್ಷಗಳೂ ಒಂದು ನ್ಯಾಯಾಲಯದ ದಾವೆಯೂ ಬೇಕಾದವು.

ಆ ಕಂಠದ ಏರಿಳಿತವನ್ನು ಕೇಳಿದವರಿಗೆ ವಿವರಣೆ ಬೇಕಿಲ್ಲ. ಮೊದಲು ಪ್ರತಿಭಟನೆ, ಅನಂತರ ಭಯ, ಆಮೇಲೆ ದಣಿವು, ಕೊನೆಗೆ ಒಂದು ಬಗೆಯ ಸಮ್ಮತಿ. ಭಾಷೆಯಿಲ್ಲದ್ದರಿಂದ ಅದರಲ್ಲಿ ಮತವೂ ಇಲ್ಲ. ಸಾಹಿತ್ಯವನ್ನು ಬದಿಗಿಟ್ಟು ರಾಗವನ್ನು ಆಲಾಪನೆಯಲ್ಲೇ ಸಾಕ್ಷಾತ್ಕರಿಸಿಕೊಳ್ಳುವ ಪದ್ಧತಿಯಲ್ಲಿ ಬೆಳೆದ ನಮಗೆ ಇದು ಆಶ್ಚರ್ಯವಲ್ಲದಿರಬಹುದು. ಆದರೆ ನಾನು ಗಮನಿಸಬೇಕೆನ್ನುವುದು ಬೇರೊಂದು: ಈ ಕೃತಿಯಲ್ಲಿ ಧರ್ಮವಾಕ್ಯವಿದ್ದಾಗ ಧಾರ್ಮಿಕವಾದ ಅನುಭವ ಅಷ್ಟಾಗಿ ಇದ್ದಿಲ್ಲ, ವಾಕ್ಯ ತೊಲಗಿದ ಮೇಲೆಯೇ ಅದು ಬಂತು. ಮಿತ್ರರ ಎರಡನೆಯ ಕೊಂಬು, ನೀವು ಒಳಗೊಳಗೇ ನಂಬುವವರು ಎಂಬುದು, ಇಲ್ಲಿ ಮುರಿಯುತ್ತದೆ. ಏಕೆಂದರೆ ಇಲ್ಲಿ ನಂಬಲು ಯಾವ ಪ್ರತಿಜ್ಞೆಯೂ ಉಳಿದಿಲ್ಲ.

ಮೊದಲನೆಯ ಕೊಂಬು ಇನ್ನೂ ನಿಂತಿದೆ. ಇದು ಬರಿಯ ಶಬ್ದಸುಖವೆ? ಇದನ್ನು ಪರೀಕ್ಷಿಸಲು ಮೆಟಲ್ ಸಂಗೀತದ ಹುಟ್ಟನ್ನೇ ತೆಗೆದುಕೊಳ್ಳೋಣ. ಬರ್ಮಿಂಗ್‌ಹ್ಯಾಮಿನ ಕಾರ್ಮಿಕ ಕೇರಿಗಳಿಂದ ಬಂದ ಬ್ಲಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ಮು 1970ರ ಫೆಬ್ರವರಿ 13ರಂದು, ಪಾಶ್ಚಾತ್ಯರು ಅಶುಭವೆಂದೆಣಿಸುವ ಶುಕ್ರವಾರದಂದು, ಹೊರಬಂತು. ಅದರ ಗಿಟಾರುವಾದಕ ಟೋನಿ ಅಯೋಮಿ ಹದಿನೇಳರ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ, ಕೆಲಸ ಬಿಡಲಿದ್ದ ಕಟ್ಟಕಡೆಯ ದಿನವೇ, ಬಲಗೈಯ ಎರಡು ಬೆರಳುಗಳ ತುದಿಯನ್ನು ಯಂತ್ರಕ್ಕೆ ಕಳೆದುಕೊಂಡವನು. ಪ್ಲಾಸ್ಟಿಕ್ ಬಾಟಲನ್ನು ಕರಗಿಸಿ ಬೆರಳಿಗೆ ತೊಡಿಗೆ ಮಾಡಿಕೊಂಡು ಮತ್ತೆ ನುಡಿಸಲು ಕಲಿತನು. ಆ ಆಲ್ಬಮ್ಮಿನ ಮೊದಲ ಹಾಡು ಮಳೆಯ ಸದ್ದು, ದೂರದ ಘಂಟಾಧ್ವನಿ ಇವುಗಳ ಬಳಿಕ ಮೂರೇ ಸ್ವರಗಳ ಒಂದು ನಿಧಾನವಾದ ಪಲ್ಲವಿಯಿಂದ ತೊಡಗುತ್ತದೆ: ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಪ್ರತಿಮಧ್ಯಮಕ್ಕೆ ಇಳಿತ. ಈ ಸ್ವರಾಂತರಕ್ಕೆ ಪಾಶ್ಚಾತ್ಯ ಶಾಸ್ತ್ರಕಾರರು ಸೈತಾನನ ಹೆಸರನ್ನು ಇಟ್ಟಿದ್ದರು. ಚರ್ಚು ಅದನ್ನು ನಿಷೇಧಿಸಿತ್ತೆಂಬ ಮಾತು ಮಾತ್ರ ಕಟ್ಟುಕಥೆ. ಹಾಡಿನಲ್ಲಿ ಅದು ನಿಜವಾಗಿಯೂ ಎದೆ ನಡುಗಿಸುತ್ತದೆ. ಆದರೆ ಅದೇ ಷಡ್ಜ-ಪ್ರತಿಮಧ್ಯಮಗಳ ಸಂಬಂಧವು ನಮ್ಮ ಎಪ್ಪತ್ತೆರಡು ಮೇಳಗಳಲ್ಲಿ ಮೂವತ್ತಾರರ ಆಧಾರವಾಗಿದ್ದು, ಕಲ್ಯಾಣಿಯಂಥ ಮಂಗಳಕರವಾದ ರಾಗದ ಜೀವವಾಗಿದೆಯಷ್ಟೆ! ಬರಿಯ ಶಬ್ದವೇ ಭಯಕ್ಕೆ ಕಾರಣವಾಗಿದ್ದರೆ ಕಲ್ಯಾಣಿಯ ಆಲಾಪನೆಗೆ ನಾವು ಬೆಚ್ಚಿಬೀಳಬೇಕಾಗಿತ್ತು. ಆ ಸ್ವರದ ಸುತ್ತ ಕಟ್ಟಿದ ವಿಳಂಬಗತಿ, ಗಿಟಾರಿನ ಕರ್ಕಶವಾದ ಭಾರ, ಮಳೆ, ಘಂಟೆ, ಮತ್ತು ಕೇಳುವವನ ಮನಸ್ಸಿನಲ್ಲಿ ಮೊದಲೇ ಇರುವ ವಾಸನೆ, ಇವೆಲ್ಲ ಕೂಡಿಯೇ ಭಯಾನಕವು ನಿಷ್ಪನ್ನವಾಗುತ್ತದೆ. ಶಬ್ದಕ್ಕಿಂತ ಹೆಚ್ಚಿನದೇನೋ ಅಲ್ಲಿ ಉಂಟು. ಪ್ರಾಸಂಗಿಕವಾಗಿ ಹೇಳುವುದಾದರೆ, ಈ 'ಸೈತಾನನ ತಂಡ'ದ ಹೆಚ್ಚಿನ ಸಾಹಿತ್ಯವನ್ನು ಬರೆದ ಗೀಜರ್ ಬಟ್ಲರನು ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವನು; 1971ರ ಅವರ ಒಂದು ಹಾಡು ದೇವರನ್ನು ಅಲ್ಲಗಳೆಯುವವರನ್ನು ಎದುರಿಸಿ ವಾದಿಸುತ್ತದೆ. ಅದನ್ನು ಕೇಳದೆಯೇ ಬೈದವರು ಬಹುಮಂದಿ.

ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡ ಹಾಡಿದಾಗ ನೆರೆದ ಅಪಾರವಾದ ತರುಣಸಮೂಹದಲ್ಲಿ ಯೋಹಾನನ ಪ್ರಕಟನೆಯನ್ನು ಓದಿದವರು ಎಷ್ಟು ಮಂದಿ ಇದ್ದಾರು? ಅದೇ ಗ್ರಂಥದ ಮೃಗಸಂಖ್ಯೆಯನ್ನು ಹೆಸರಾಗಿ ಹೊತ್ತ ಆ ತಂಡದ 1982ರ ಆಲ್ಬಮ್ಮನ್ನು ಅವರಲ್ಲಿ ಅನೇಕರು ಕಂಠಪಾಠಮಾಡಿದ್ದರು. ಬೆಳಗ್ಗೆ ಮನೆಯ ದೇವರಿಗೆ ಕೈಮುಗಿದು ಬಂದವರೂ ಅವರಲ್ಲಿ ಇದ್ದಿರಲೇಬೇಕು. ಇದನ್ನು ಅಜ್ಞಾನವೆಂದು ಹಳಿಯುವುದು ಸುಲಭ; ನನಗೆ ಅದು ಹಾಗೆ ಕಾಣುವುದಿಲ್ಲ.

ನಮ್ಮ ಆಲಂಕಾರಿಕರು ಇಂಥ ಸಂಗತಿಗೆ ಒಂದು ವಿವರಣೆಯನ್ನು ಬಹಳ ಹಿಂದೆಯೇ ಸಿದ್ಧಪಡಿಸಿಟ್ಟಿದ್ದಾರೆ. ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಓದಿದ ಕನ್ನಡಿಗರಿಗೆ ಅದು ಪರಿಚಿತವೇ. ರಂಗದ ಮೇಲಿನ ದುಃಖವು ನನ್ನದೂ ಅಲ್ಲ, ನಟನದೂ ಅಲ್ಲ, ಶತ್ರುವಿನದೂ ಅಲ್ಲ, ಮಿತ್ರನದೂ ಅಲ್ಲ. ಯಾರದೆಂಬ ಗುರುತನ್ನು ಕಳಚಿಕೊಂಡು ಸಾಧಾರಣವಾದಾಗ ಅದು ಸಹೃದಯನಿಗೆ ಆಸ್ವಾದ್ಯವಾಗುತ್ತದೆ ಎಂದು ಭಟ್ಟನಾಯಕನು ಕಂಡುಕೊಂಡನು. ಅಭಿನವಗುಪ್ತನು ಅದನ್ನು ಒರೆಗೆ ಹಚ್ಚಿ ತನ್ನ ಸಿದ್ಧಾಂತದೊಳಕ್ಕೆ ತೆಗೆದುಕೊಂಡನು. ಈ ಮಾತನ್ನು ನಾನು ಒಂದು ಹೆಜ್ಜೆ ಮುಂದಕ್ಕೆ ಒಯ್ಯಲು ಬಯಸುತ್ತೇನೆ. ದುಃಖಕ್ಕೆ ಅನ್ವಯಿಸುವುದು ಶ್ರದ್ಧೆಗೂ ಅನ್ವಯಿಸತಕ್ಕುದು. 'ನಾನು ನಂಬುತ್ತೇನೆ' ಎಂಬುದು ಮಮಕಾರದ ಒಂದು ರೂಪ. 'ನಾನು ನಂಬುವುದಿಲ್ಲ' ಎಂಬುದೂ ಅಷ್ಟೇ ಗಟ್ಟಿಯಾದ ಮಮಕಾರ. 'ಸಪ್ಪರ್ಸ್ ರೆಡಿ'ಯ ಕೊನೆಯಲ್ಲಿ ಉದಿಸುವ ಪ್ರತೀಕ್ಷೆ-ಪ್ರಾಪ್ತಿಗಳ ಭಾವಕ್ಕೆ ಇವೆರಡರ ಮುದ್ರೆಯೂ ಇಲ್ಲ. ಅಲ್ಲಿ ಕ್ರೈಸ್ತನ ನಂಬುಗೆ ಸಾಧಾರಣಗೊಳ್ಳುತ್ತದೆ. ನನ್ನ ಅಪನಂಬುಗೆಯೂ, ಯಾರೂ ಕೇಳದಿದ್ದರೂ, ಬಾಗಿಲಲ್ಲೇ ಉಳಿಯುತ್ತದೆ. ಮಿತ್ರರ ಎರಡು ಕೊಂಬುಗಳ ನಡುವಣ ದಾರಿ ಇದೇ.

ಸೃಷ್ಟಿಕರ್ತನಾದವನು ತನ್ನ ಮತವನ್ನು ಕೈಬಿಡದೆ ಹಿಡಿದುಕೊಂಡರೆ ಕೃತಿ ಏನಾಗುತ್ತದೆ ಎಂಬುದಕ್ಕೆ ಯೆಸ್ ಎಂಬ ತಂಡದ ಎರಡು ಆಲ್ಬಮ್ಮುಗಳು ಒಳ್ಳೆಯ ನಿದರ್ಶನ. 1972ರ 'ಕ್ಲೋಸ್ ಟು ದಿ ಎಡ್ಜ್' ನನ್ನ ಎಣಿಕೆಯಲ್ಲಿ ಈ ಪ್ರಕಾರದ ಶಿಖರ. ಗಾಯಕ ಜಾನ್ ಆಂಡರ್ಸನನಿಗೆ ಅದರ ಪ್ರೇರಣೆ ಹೆರ್ಮನ್ ಹೆಸ್ಸೆಯ 'ಸಿದ್ಧಾರ್ಥ' ಕಾದಂಬರಿ. ಈ ಕಾದಂಬರಿಯ ಬೇರು ನಮ್ಮ ಕರಾವಳಿಯವರೆಗೆ ಚಾಚಿದೆ: ಹೆಸ್ಸೆಯ ತಾಯಿಯ ತಂದೆ ಹೆರ್ಮನ್ ಗುಂಡರ್ಟ್, ಕಿಟ್ಟೆಲ್ಲರ ಕನ್ನಡ ನಿಘಂಟನ್ನು ಹೊರತಂದ ಅದೇ ಬಾಸೆಲ್ ಮಿಷನ್ನಿನ ಪರವಾಗಿ ತಲಶ್ಶೇರಿಯಲ್ಲಿದ್ದು ಮಲಯಾಳ ನಿಘಂಟನ್ನು ರಚಿಸಿದವನು; ತಂದೆ ಯೋಹಾನೆಸ್ ಹೆಸ್ಸೆಯೂ ಕೆಲವು ವರ್ಷ ಮಂಗಳೂರಿನಲ್ಲಿ ಮಿಷನ್ ಕಾರ್ಯ ನಡೆಸಿ ಆರೋಗ್ಯ ಕೆಟ್ಟು ಹಿಂದಿರುಗಿದವನು. ಕ್ರಿಸ್ತನನ್ನು ಇಲ್ಲಿಗೆ ತರಲು ಬಂದವರ ಮನೆಯಲ್ಲಿ ಹುಟ್ಟಿದ ಮಗ ಇಲ್ಲಿಯ ಬುದ್ಧನ ಕಾಲವನ್ನು ಅಲ್ಲಿಗೆ ಒಯ್ದನು. ಅಲ್ಲಿಂದ ಅದು ಲಂಡನ್ನಿನ ಒಂದು ರಾಕ್ ತಂಡಕ್ಕೆ ದಾಟಿತು. ಆದರೆ ಆಲ್ಬಮ್ಮಿನಲ್ಲಿ ಬುದ್ಧನ ಉಪದೇಶವನ್ನು ಹುಡುಕಿದರೆ ಸಿಗದು. ಸಾಹಿತ್ಯವು ಅರ್ಥಕ್ಕೆ ಒಗ್ಗದು; ಆಂಡರ್ಸನನು ಪದಗಳನ್ನು ನಾದಕ್ಕಾಗಿಯೇ ಆರಿಸುತ್ತಿದ್ದವನು. ಕಾದಂಬರಿಯಿಂದ ಉಳಿದುದು ನದಿಯೊಂದೇ. ಹದಿನೆಂಟು ನಿಮಿಷಗಳಿಗೂ ಮೀರಿದ ಆ ಕೃತಿ ಹರಿಯುವ ನೀರು, ಹಕ್ಕಿಗಳ ದನಿಗಳಿಂದ ಮೊದಲಾಗಿ, ಎಲ್ಲ ವಾದ್ಯಗಳೂ ಬೇರೆಬೇರೆ ದಿಕ್ಕಿಗೆ ಓಡುವಂಥ ಗೊಂದಲವನ್ನು ಹೊಕ್ಕು, ಮೂರನೆಯ ಖಂಡದಲ್ಲಿ ಥಟ್ಟನೆ ನಿಶ್ಚಲವಾಗುತ್ತದೆ. ಆ ನಿಶ್ಚಲತೆಯಿಂದ ರಿಕ್ ವೇಕ್‌ಮನ್ ಲಂಡನ್ನಿನ ಸೇಂಟ್ ಜೈಲ್ಸ್ ಕ್ರಿಪಲ್‌ಗೇಟ್ ಚರ್ಚಿನಲ್ಲಿ ನುಡಿಸಿದ ಪೈಪ್ ಆರ್ಗನ್ನಿನ ಮಹಾನಾದ ಏಳುತ್ತದೆ. ಬೌದ್ಧಕಥೆಗೆ ಚರ್ಚಿನ ಆರ್ಗನ್! ಮತಶುದ್ಧಿಯ ದೃಷ್ಟಿಯಿಂದ ಇದು ಸಂಕರ. ಕಿವಿಗೆ ಇದಕ್ಕಿಂತ ಸಹಜವಾದುದು ಬೇರೊಂದಿಲ್ಲ.

ಮರುವರ್ಷದ 'ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್' ಕಥೆ ಬೇರೆ. ಪರಮಹಂಸ ಯೋಗಾನಂದರ ಆತ್ಮಚರಿತ್ರೆಯ ಒಂದು ಅಡಿಟಿಪ್ಪಣಿಯಲ್ಲಿ ಶಾಸ್ತ್ರಗಳು ಶ್ರುತಿ, ಸ್ಮೃತಿ, ಪುರಾಣ, ತಂತ್ರವೆಂದು ನಾಲ್ಕು ಬಗೆಯೆಂಬ ವಿವರಣೆಯಿದೆ. ಅದನ್ನು ಓದಿದ ಆಂಡರ್ಸನನು ಒಂದೊಂದಕ್ಕೆ ತಟ್ಟೆಯ ಒಂದೊಂದು ಮಗ್ಗುಲಿನಂತೆ ಎರಡು ತಟ್ಟೆಗಳ, ಎಂಬತ್ತು ನಿಮಿಷಗಳ ಕೃತಿಯನ್ನು ಯೋಜಿಸಿದನು. ಹಿಂದೂವಾಗಿ ಹುಟ್ಟಿದ ನನಗೆ ಇದು ಹೆಚ್ಚು ಹತ್ತಿರವಾಗಬೇಕಿತ್ತಲ್ಲವೆ? ಆಗಲಿಲ್ಲ. ಅಲ್ಲಲ್ಲಿ ಅಪೂರ್ವವಾದ ಸ್ಥಳಗಳಿದ್ದರೂ ಒಟ್ಟು ಕೃತಿಯು ಚೌಕಟ್ಟನ್ನು ತುಂಬಿಸುವ ಶ್ರಮದಲ್ಲಿ ಬಳಲಿದಂತೆ ತೋರುತ್ತದೆ. ಶಾಸ್ತ್ರಕ್ಕೆ ನಾಲ್ಕು ಭಾಗವಿರುವುದರಿಂದ ಸಂಗೀತಕ್ಕೂ ನಾಲ್ಕು ಭಾಗ ಬೇಕಾಯಿತೇ ವಿನಾ ಸಂಗೀತವು ಅದನ್ನು ಕೇಳಲಿಲ್ಲ. ವೇಕ್‌ಮನ್ ಅದನ್ನು ಎಷ್ಟು ಬೇಸರಿಸಿದನೆಂದರೆ ಮ್ಯಾಂಚೆಸ್ಟರಿನ ಕಛೇರಿಯಲ್ಲಿ ತನಗೆ ನುಡಿಸಲು ಹೆಚ್ಚೇನೂ ಇಲ್ಲದ ಭಾಗದಲ್ಲಿ ವೇದಿಕೆಯ ಮೇಲೆಯೇ ಕುಳಿತು ಭಾರತೀಯ ಊಟವನ್ನು ತರಿಸಿಕೊಂಡು ತಿಂದನು. 1974ರಲ್ಲಿ ತಂಡವನ್ನೂ ಬಿಟ್ಟನು. ನಾಲ್ಕು ಶಾಸ್ತ್ರಗಳ ಸ್ತುತಿ ನಡೆಯುತ್ತಿರಲು ಆ ಸಭೆಯಲ್ಲಿ ಭಾರತದಿಂದ ನಿಜವಾಗಿ ಯಾವುದಾದರೂ ಬಂದಿದ್ದರೆ ಅದು ಆ ಊಟದ ಮಸಾಲೆಯೇ ಇರಬೇಕು.

ಉಳಿದವುಗಳನ್ನು ಬೇಗ ದಾಟುತ್ತೇನೆ. ಜೆತ್ರೋ ಟಲ್ ತಂಡದ 1971ರ 'ಆಕ್ವಾಲಂಗ್' ಮನುಷ್ಯನೇ ದೇವರನ್ನು ಸೃಷ್ಟಿಸಿದನೆಂದು ತಟ್ಟೆಯ ಹೊದಿಕೆಯ ಮೇಲೆಯೇ ಸಾರಿತು. ಕೋಪವಿರುವೆಡೆ ಅದು ಸೊಗಸು, ವಾದವಿರುವೆಡೆ ಸಪ್ಪೆ. ಅಮೆರಿಕದ ಡ್ರೀಮ್ ಥಿಯೇಟರಿನ 1999ರ 'ಸೀನ್ಸ್ ಫ್ರಮ್ ಎ ಮೆಮೊರಿ'ಯಲ್ಲಿ ಸಮ್ಮೋಹನಕ್ಕೊಳಗಾದ ನಿಕೊಲಸನಿಗೆ ತಾನು ಹಿಂದಿನ ಜನ್ಮದಲ್ಲಿ 1928ರಲ್ಲಿ ಕೊಲೆಯಾದ ವಿಕ್ಟೋರಿಯಾ ಎಂಬ ತರುಣಿಯಾಗಿದ್ದನೆಂದು ತಿಳಿಯುತ್ತದೆ. ಇಲ್ಲಿ ಪುನರ್ಜನ್ಮವುಂಟು, ಕರ್ಮಸಿದ್ಧಾಂತವಿಲ್ಲ. ಜನ್ಮಾಂತರವೆಂಬುದು ಬಗೆಹರಿಯದ ಕೊಲೆಯ ಸಾಕ್ಷ್ಯ ಮಾತ್ರ. ನಮ್ಮ ಕಥೆಗಳಲ್ಲಿ ಪೂರ್ವಜನ್ಮಸ್ಮರಣೆಯು ವೈರಾಗ್ಯಕ್ಕೆ ದಾರಿಯಾದರೆ ಅಲ್ಲಿ ಅದು ಕುತೂಹಲಕ್ಕೆ ದಾರಿ. ಆದರೂ ಸಾವು ಮುಗಿತಾಯವಲ್ಲವೆಂಬ ಸಾಂತ್ವನವನ್ನು ಹೇಳುವ ಅದರ ಮಧುರವಾದ ಭಾಗಗಳು ನಂಬದವನನ್ನೂ ತಟ್ಟುತ್ತವೆ. ಸ್ವೀಡನ್ನಿನ ಓಪೆತ್ ಅದೇ ವರ್ಷ ತಂದ 'ಸ್ಟಿಲ್ ಲೈಫ್'ನ ನಾಯಕ, ನಂಬುಗೆಯಿಲ್ಲದ ತಪ್ಪಿಗಾಗಿ ಊರಿನಿಂದ ಬಹಿಷ್ಕೃತನಾಗಿ ಹದಿನೈದು ವರ್ಷಗಳ ಮೇಲೆ ಪ್ರೇಯಸಿಗಾಗಿ ಹಿಂದಿರುಗುವವನು. ಮಿಕಾಯೆಲ್ ಓಕರ್‌ಫೆಲ್ಡ್ ಒಂದೇ ಗಂಟಲಿನಿಂದ ಮೃಗದ ಗುಡುಗನ್ನೂ ಎಳೆಯ ಕಂಠದ ಮಾರ್ದವವನ್ನೂ ಹೊರಡಿಸುತ್ತಾನೆ. ರೌದ್ರ ಕರುಣಗಳು ಇಷ್ಟು ಸಮೀಪದಲ್ಲಿ ಬೇರೆಲ್ಲಿಯೂ ನನಗೆ ದೊರೆತಿಲ್ಲ.

ಟೂಲ್ ತಂಡದ 2001ರ 'ಲ್ಯಾಟರಲಸ್' ಬಗ್ಗೆ ಮಾತ್ರ ಎರಡು ಮಾತು ಹೆಚ್ಚಾಗಿ ಹೇಳದಿದ್ದರೆ ನನಗೆ ತೃಪ್ತಿಯಾಗದು. ಅದರ ಶೀರ್ಷಿಕೆಯ ಹಾಡಿನ ಚರಣಗಳಲ್ಲಿ ಅಕ್ಷರಗಳ ಸಂಖ್ಯೆ ಒಂದು, ಒಂದು, ಎರಡು, ಮೂರು, ಐದು, ಎಂಟು ಎಂದು ಏರಿ ಮತ್ತೆ ಅದೇ ಮೆಟ್ಟಿಲುಗಳಲ್ಲಿ ಇಳಿಯುತ್ತದೆ. ಇಟಲಿಯ ಫಿಬೊನಾಚಿಯ ಹೆಸರಿನಿಂದ ಪ್ರಸಿದ್ಧವಾದ ಈ ಶ್ರೇಢಿಯನ್ನು ಅವನಿಗಿಂತ ಮುಂಚೆಯೇ ಜೈನಾಚಾರ್ಯ ಹೇಮಚಂದ್ರನು ಛಂದಸ್ಸಿನ ವಿಚಾರದಲ್ಲಿ ಹೇಳಿದ್ದನು. ಮೂರು ಮಾತ್ರೆಯ ಗಣಕ್ಕೆ ಮೂರು, ನಾಲ್ಕು ಮಾತ್ರೆಗೆ ಐದು, ಐದು ಮಾತ್ರೆಗೆ ಎಂಟು ರೂಪಗಳೆಂದು ಲಘುಗುರುಗಳ ಪ್ರಸ್ತಾರ ಹಾಕಿದ ಯಾವ ಕನ್ನಡ ವಿದ್ಯಾರ್ಥಿಯೂ ಅದನ್ನು ತಿಳಿಯದೆಯೇ ಬಲ್ಲನು. ಲೆಕ್ಕವನ್ನು ಅರಿಯದವನಿಗೂ ಆ ಹಾಡು ಸುರುಳಿಸುರುಳಿಯಾಗಿ ಬಿಚ್ಚಿಕೊಳ್ಳುವ ಅನುಭವವಾಗುತ್ತದೆ. ವಿಶ್ವವು ಸಂಖ್ಯೆಯ ಮೇಲೆ ನಿಂತಿದೆಯೆಂಬ ತತ್ತ್ವವನ್ನು ಒಪ್ಪದೆಯೂ ಸಂಖ್ಯೆಯ ಮೇಲೆ ನಿಂತ ಹತ್ತು ನಿಮಿಷಗಳಲ್ಲಿ ನಾವು ವಾಸಿಸಬಹುದು.

ಇಷ್ಟಾದರೂ ನನ್ನ ಸಿದ್ಧಾಂತಕ್ಕೆ ಒಂದು ಮೇರೆಯುಂಟೆಂಬುದನ್ನು ಮರೆಮಾಚಲಾರೆನು. ರಸಾಸ್ವಾದವನ್ನು ಬ್ರಹ್ಮಾಸ್ವಾದದ ಸಹೋದರನೆಂದು ಕರೆದ ನಮ್ಮ ಪ್ರಾಚೀನರು ಎರಡನ್ನೂ ಒಂದೆನ್ನಲಿಲ್ಲ. ವಿಭಾವಾದಿಗಳು ಇರುವಷ್ಟು ಹೊತ್ತೇ ರಸದ ಆಯುಸ್ಸು; ತಟ್ಟೆ ಮುಗಿದಾಗ ಅದೂ ಮುಗಿಯಿತು. ಈ ಸಂಗೀತ ನನ್ನಿಂದ ಉಪವಾಸವನ್ನು ಕೇಳಲಿಲ್ಲ, ದಾನವನ್ನು ಕೇಳಲಿಲ್ಲ, ನೆರೆಯವನನ್ನು ಕ್ಷಮಿಸೆಂದೂ ಕೇಳಲಿಲ್ಲ. ಪ್ರಕಟನೆಯ ಬಾಗಿಲು ನನಗೆ ತೆರೆದುದು ನಿಜ, ಆದರೆ ಒಳಹೊಕ್ಕವನಿಂದ ಸುಂಕ ಪಡೆಯಲಿಲ್ಲ. ಸುಂಕವಿಲ್ಲದ ದೇಗುಲದಲ್ಲಿ ದೇವರಿದ್ದಾನೆಯೇ ಎಂದು ಮಿತ್ರರು ಕೇಳಿದರೆ, ಆ ಪ್ರಶ್ನೆ ನ್ಯಾಯವಾದುದೇ ಎಂದು ಒಪ್ಪಬೇಕಾಗುತ್ತದೆ.

ಈ ಮೇರೆಯನ್ನು ತನ್ನ ಬಾಳಿನಲ್ಲೇ ಪರೀಕ್ಷಿಸಿದವನೊಬ್ಬನಿದ್ದನು. ಯೋಗಾನಂದರ ಪುಸ್ತಕವನ್ನು ಆಂಡರ್ಸನನ ಕೈಗೆ ಬರುವಂತೆ ಮಾಡಿದವನು ಜೇಮಿ ಮ್ಯೂರ್, ಕಿಂಗ್ ಕ್ರಿಮ್ಸನ್ ತಂಡದ ತಾಳವಾದಕ; ಸಂದರ್ಭ, 1973ರಲ್ಲಿ ನಡೆದ ಬಿಲ್ ಬ್ರೂಫರ್ಡನ ಮದುವೆ. ಯೆಸ್ ತಂಡವನ್ನು ಬಿಟ್ಟು ಕಿಂಗ್ ಕ್ರಿಮ್ಸನ್ನಿಗೆ ಬಂದಿದ್ದ ಬ್ರೂಫರ್ಡನು, ಸಂಗೀತವಿರುವುದು ವಾದಕನಿಗಾಗಿ ಅಲ್ಲ, ವಾದಕನಿರುವುದು ಸಂಗೀತಕ್ಕಾಗಿ ಎಂಬ ಅರಿವನ್ನು ತಾನು ಪಡೆದದ್ದು ಮ್ಯೂರನಿಂದಲೇ ಎಂದು ಮುಂದೆ ಅನೇಕ ಸಲ ಹೇಳಿಕೊಂಡನು. 'ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್' ಆಲ್ಬಮ್ಮಿನಲ್ಲಿ ಸರಪಣಿ, ಲೋಹದ ತಗಡು, ಬಟ್ಟಲುಗಳನ್ನೂ ವಾದ್ಯವಾಗಿಸಿಕೊಂಡು ಮ್ಯೂರನು ಹೊರಡಿಸಿದ ನಾದವೈಭವವನ್ನು ಕೇಳಿದವರು, ಈತನಿಗೆ ಇನ್ನೇನು ಬೇಕಿತ್ತು ಎಂದು ಕೇಳಿಯಾರು. ಆ ತಟ್ಟೆ ಹೊರಬರುವ ಹೊತ್ತಿಗೇ ಅವನು ತಂಡವನ್ನು ತೊರೆದು ಸ್ಕಾಟ್ಲೆಂಡಿನ ಸಮ್ಯೆ ಲಿಂಗ್ ಎಂಬ ಟಿಬೆಟ್ಟಿನ ಬೌದ್ಧಮಠವನ್ನು ಸೇರಿದನು. ಪುಸ್ತಕವನ್ನು ಪಡೆದವನು ಎಂಬತ್ತು ನಿಮಿಷಗಳ ಸಂಗೀತ ರಚಿಸಿದನು. ಕೊಟ್ಟವನು ಸಂಗೀತವನ್ನೇ ಬಿಟ್ಟನು. ಶ್ರವಣವು ಸಾಲದು, ಅದರ ಮುಂದೆ ಮನನ ನಿದಿಧ್ಯಾಸನಗಳುಂಟು ಎಂದು ವೇದಾಂತಿಗಳು ಹೇಳುವುದನ್ನು ಈ ಬೌದ್ಧನು ಆಚರಿಸಿ ತೋರಿಸಿದನೆಂದು ಮಿತ್ರರಿಗೆ ಅನ್ನಿಸೀತು, ನಾನು ಅಡ್ಡಿಮಾಡಲಾರೆನು. ಆದರೆ ಇತಿಹಾಸ ಅಲ್ಲಿಗೇ ನಿಲ್ಲುವುದಿಲ್ಲ. 1980ರಲ್ಲಿ ಮ್ಯೂರನು ಲಂಡನ್ನಿಗೆ ಹಿಂದಿರುಗಿ ಮತ್ತೆ ತಾಳವಾದ್ಯಗಳನ್ನು ಕೈಗೆತ್ತಿಕೊಂಡನು. ಮುಂದೆ ಅದನ್ನೂ ಬಿಟ್ಟು ಚಿತ್ರಕಲೆ ಹಿಡಿದನು. ಇದನ್ನು ಮಠದ ಸೋಲೆಂದು ನಾನು ಓದುವುದಿಲ್ಲ, ಸಂಗೀತದ ಗೆಲುವೆಂದೂ ಓದುವುದಿಲ್ಲ. ಮಠಕ್ಕೆ ಹೋಗುವಾಗಲೂ ಹಿಂದಿರುಗುವಾಗಲೂ ಅವನಿಗೆ ಯಾವ ತಂಡವೂ ಯಾವ ಗುರುವೂ ಪ್ರಮಾಣಪತ್ರ ಕೊಡಬೇಕಾಗಿರಲಿಲ್ಲವೆಂಬುದಷ್ಟೆ ನನಗೆ ಕಾಣುವುದು. ಅಂಥ ಸ್ವಾತಂತ್ರ್ಯ ನನ್ನಂಥ ಕೇಳುಗನಿಗೆ ದಕ್ಕೀತೆ ಎಂಬುದನ್ನು ಮಿತ್ರರೊಡನೆ ಇನ್ನೂ ವಾದಿಸುತ್ತಿದ್ದೇನೆ.